ಬಣ್ಣಕ್ಕೆ ಮುನ್ನ

ಹಳೆಯ ಕಾರಿಗೆ ಹೊಸ ಬಣ್ಣ ಬಳಿದಾಗ ನೋಡುವವರ ಕಣ್ಣು ಅದರ ಹೊಳಪಿನ ಮೇಲೆ ನಿಲ್ಲುತ್ತದೆ. ಆ ಹೊಳಪಿನ ಆಯುಷ್ಯವನ್ನು ನಿರ್ಧರಿಸುವುದು ಅದರ ಅಡಿಯಲ್ಲಿ ಮರೆಯಾಗುವ ಪೂರ್ವಸಿದ್ಧತೆ.

ಈ ಸತ್ಯವನ್ನು ರಾಮನಗರ ಸೀಮೆಯ ಕುಶಲಕರ್ಮಿಗಳು ಬಹುಕಾಲದಿಂದ ಬಲ್ಲರು. ಚನ್ನಪಟ್ಟಣದ ಬೊಂಬೆ ತಯಾರಕರು ಆಲೆ ಮರವನ್ನು ಚೆನ್ನಾಗಿ ಒಣಗಿಸಿ, ಕಡೆದು, ನುಣುಪುಗೊಳಿಸಿದ ಮೇಲೆಯೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ಉಜ್ಜಾಟದ ಕಾವಿಗೆ ಅರಗು ಕರಗಿ ಮರವನ್ನು ಹಿಡಿಯುತ್ತದೆ. ರಾಮನಗರ, ಕನಕಪುರ, ಮಾಗಡಿಗಳಲ್ಲಿ ಬೆಳೆಯುವ ರೇಷ್ಮೆಗೂ ಇದೇ ನಿಯಮ. ನೂಲಿನ ಮೇಲಿರುವ ಸೆರಿಸಿನ್ ಎಂಬ ಅಂಟನ್ನು ಸಾಬೂನಿನ ನೀರಿನಲ್ಲಿ ಕುದಿಸಿ ತೆಗೆಯದಿದ್ದರೆ ಬಣ್ಣ ಸರಿಯಾಗಿ ಹಿಡಿಯದು. ಮರಕ್ಕೂ ನೂಲಿಗೂ ಸಲ್ಲುವ ಈ ಮಾತು ಕಾರಿನ ಉಕ್ಕಿನ ತಗಡಿಗೂ ಸಲ್ಲುತ್ತದೆ.

ಮೊದಲ ಕೆಲಸ ತೊಳೆಯುವುದು. ಧೂಳು ಮಾತ್ರವಲ್ಲದೆ ಎಣ್ಣೆ, ಮೇಣ, ಮೆರುಗಿನ ಲೇಪಗಳೂ ಹೋಗಬೇಕು. ಇವುಗಳನ್ನು ತೆಗೆಯದೆ ಉಜ್ಜತೊಡಗಿದರೆ ಜಿಡ್ಡು ಗೀರುಗಳೊಳಗೆ ಸೇರಿಕೊಂಡು, ಹೊಸ ಬಣ್ಣದಲ್ಲಿ ಮೀನಿನ ಕಣ್ಣಿನಂತಹ ಗುಳಿಗಳು ಮೂಡುತ್ತವೆ.

ಎರಡನೆಯದು ಹಳೆಯ ಬಣ್ಣದ ಪರೀಕ್ಷೆ. ಬಿಗಿಯಾಗಿ ಕಚ್ಚಿಕೊಂಡಿರುವ ಬಣ್ಣವನ್ನು ಪೂರ್ತಿ ಕೆರೆಯಬೇಕಾಗಿಲ್ಲ. ಅದು ಹೊಸ ಬಣ್ಣಕ್ಕೆ ಒಳ್ಳೆಯ ತಳಹದಿಯಾದೀತು. ಬಿರುಕು ಬಿಟ್ಟದ್ದು, ಉಬ್ಬಿದ್ದು, ಸುಲಿದೇಳುವುದು ಮಾತ್ರ ಉಳಿಯಕೂಡದು. ಉಬ್ಬಿನ ಕೆಳಗೆ ಅನೇಕ ವೇಳೆ ತುಕ್ಕು ಇರುತ್ತದೆ. ಕಬ್ಬಿಣವು ತುಕ್ಕಾದಾಗ ಹೆಚ್ಚು ಜಾಗವನ್ನು ಆಕ್ರಮಿಸಿ ಮೇಲಿನ ಪದರವನ್ನು ಎತ್ತಿಬಿಡುತ್ತದೆ. ತುಕ್ಕಿನ ಮೇಲೆಯೇ ಬಣ್ಣ ಬಳಿದರೆ ಅದು ಒಳಗೊಳಗೇ ಹರಡಿ ತಗಡನ್ನು ತಿನ್ನುತ್ತಿರುತ್ತದೆ. ಆದುದರಿಂದ ಹೊಳೆಯುವ ಲೋಹ ಕಾಣುವವರೆಗೆ ಅದನ್ನು ಕೆರೆದು, ತಡಮಾಡದೆ ಪ್ರೈಮರ್ ಹಚ್ಚಬೇಕು.

ಮೂರನೆಯದು ಉಜ್ಜುವುದು. ಉಜ್ಜುಕಾಗದದ ಸಂಖ್ಯೆ ಹೆಚ್ಚಿದಷ್ಟೂ ಅದರ ಕಣ ಸಣ್ಣದು. ಒರಟು ಕೆಲಸಕ್ಕೆ 80, ಬಳಿಕ 180, 320, ಕಡೆಗೆ 600 ಎಂಬಂತೆ ಹಂತಹಂತವಾಗಿ ಸಾಗಬೇಕು. ಗಾಜಿನಂತೆ ನುಣುಪಾದ ಮೈಗೆ ಬಣ್ಣ ಅಂಟದು. ಆಳವಾದ ಗೀರುಗಳು ಬಣ್ಣದ ಮೇಲೂ ಎದ್ದು ಕಾಣುವವು. ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳೇ ಬಣ್ಣಕ್ಕೆ ಹಿಡಿತ ನೀಡುತ್ತವೆ. ತಗ್ಗುಗಳನ್ನು ಪುಟ್ಟಿಯಿಂದ ತುಂಬಿ ಸಮತಟ್ಟು ಮಾಡುತ್ತಾರೆ. ಪುಟ್ಟಿಯು ನೀರನ್ನು ಹೀರಿಕೊಳ್ಳುವುದರಿಂದ ಅದನ್ನು ಒಣದಾಗಿಯೇ ಉಜ್ಜುವುದು ಲೇಸು. ಇಲ್ಲವಾದರೆ ಒಳಗೆ ಉಳಿದ ತೇವ ಮುಂದೆ ಗುಳ್ಳೆಯಾಗಿ ಏಳುತ್ತದೆ.

ಈ ದುಡಿಮೆಗೆ ಅಪಾಯವೂ ಉಂಟು. ಹಳೆಯ ಬಣ್ಣದಲ್ಲಿ ಸೀಸವಿದ್ದರೆ ಅದರ ಧೂಳು ವಿಷಕಾರಿ. ಗಟ್ಟಿಯಾಗಲೆಂದು ಕೆಲವು ಬಣ್ಣಗಳಿಗೆ ಬೆರೆಸುವ ಐಸೊಸಯನೇಟ್ ಉಸಿರಿನೊಡನೆ ಒಳಹೋದರೆ ಆಸ್ತಮಾ ಬರಬಹುದು. ಮೂಗಿಗೆ ಕಟ್ಟಿದ ಕರವಸ್ತ್ರ ಇವನ್ನು ತಡೆಯಲಾರದು. ತಕ್ಕ ಉಸಿರುಗವಸು, ಗಾಳಿಯಾಡುವ ಸ್ಥಳ ಬೇಕೇಬೇಕು. ವಾಹನದ ಅಂದಕ್ಕಾಗಿ ಕೆಲಸಗಾರನ ಶ್ವಾಸಕೋಶ ಸವೆಯುವಂತಾಗಬಾರದು.

ಹೀಗೆ ದಿನಗಟ್ಟಲೆ ನಡೆದ ದುಡಿಮೆಯನ್ನು ಬಣ್ಣದ ತೆಳುಪದರವು ಕ್ಷಣಮಾತ್ರದಲ್ಲಿ ಮುಚ್ಚಿಬಿಡುತ್ತದೆ. ಆ ದುಡಿಮೆ ಪ್ರಾಮಾಣಿಕವಾಗಿತ್ತೇ ಎಂಬುದನ್ನು ಮುಂದಿನ ಮಳೆಗಾಲಗಳು ಹೇಳುತ್ತವೆ.