ನಮ್ಮ ಓಣಿ ಯಾವ ವಾರ್ಡಿಗೆ?



ನಮ್ಮ ಮನೆಗೆ ಗೋಡೆ ಇದೆ. ಹಿತ್ತಲಿಗೆ ಬೇಲಿ ಇದೆ. ಹೊಲಕ್ಕೆ ಬದು ಇದೆ. ಇವು ಕಣ್ಣಿಗೆ ಕಾಣುತ್ತವೆ. ಆದರೆ ನಮ್ಮ ಊರಿನಲ್ಲಿ ಇನ್ನೊಂದು ಗೆರೆ ಇದೆ. ಅದು ಕಣ್ಣಿಗೆ ಕಾಣುವುದಿಲ್ಲ. ಅದು ಇರುವುದು ಕಾಗದದ ಮೇಲೆ. ಅದೇ ವಾರ್ಡಿನ ಗಡಿ.

ಆ ಗೆರೆ ಕಟ್ಟಿಕೊಂಡು ನಮಗೇನು ಎನ್ನಬೇಡಿ. ಈ ಮಾತು ಕೇಳಿ.

ಒಂದು ಬೋರು, ಎರಡು ವಾರ್ಡು

ಒಂದು ಓಣಿ ಇದೆ ಎಂದು ತಿಳಿಯಿರಿ. ಓಣಿಯ ಎರಡೂ ಬದಿ ಮನೆಗಳು. ಎಲ್ಲರಿಗೂ ಒಂದೇ ಬೋರು. ವಾರ್ಡಿನ ಗೆರೆ ಆ ಓಣಿಯ ನಟ್ಟನಡುವೆ ಹಾಯ್ದಿದೆ. ಬಲಗಡೆ ಮನೆಗಳು ಒಂದು ವಾರ್ಡು. ಎಡಗಡೆ ಮನೆಗಳು ಇನ್ನೊಂದು ವಾರ್ಡು.

ಒಂದು ದಿನ ಬೋರು ಕೆಟ್ಟಿತು. ಎಡಗಡೆಯ ಹೆಣ್ಣುಮಕ್ಕಳು ತಮ್ಮ ಮೆಂಬರ್ ಹತ್ತಿರ ಹೋದರು.

"ಬೋರು ಆ ಕಡೆ ವಾರ್ಡಿನಾಗ ಐತಲ್ರಿ ಅಕ್ಕಾರ. ಅಲ್ಲೇ ಕೇಳ್ರಿ" ಎಂದರು ಅವರು.

ಆ ಕಡೆ ಮೆಂಬರ್ ಹತ್ತಿರ ಹೋದರು.

"ನೀವು ನಮ್ಮ ವಾರ್ಡಿನವರ ಅಲ್ಲಲ್ರಿ" ಎಂದರು ಇವರು.

ಬೋರು ಕೆಟ್ಟೇ ಇತ್ತು. ದೂರದಿಂದ ಕೊಡ ಹೊತ್ತವರು ಯಾರು? ಹೆಣ್ಣುಮಕ್ಕಳೇ. ಕಾಗದದ ಗೆರೆಯ ಭಾರ ಬಿದ್ದದ್ದು ಅವರ ತಲೆಯ ಮೇಲೆ.

ಊರು ಬೆಳೆದರೆ ಗೆರೆ ಬದಲು

ಉಗಾರ ಖುರ್ದ ಕೃಷ್ಣಾ ನದಿ ದಂಡೆಯ ಊರು. ಖುರ್ದ ಎಂದರೆ ಸಣ್ಣದು. ಬುದ್ರುಕ ಎಂದರೆ ದೊಡ್ಡದು. ಹತ್ತಿರದಲ್ಲೇ ಉಗಾರ ಬುದ್ರುಕ ಇದೆ. ಹೆಸರಿನಲ್ಲಿ ಉಗಾರ ಖುರ್ದ ಸಣ್ಣದು. ಆದರೆ ಇಲ್ಲಿ ಸಕ್ಕರೆ ಕಾರ್ಖಾನೆ ಬಂತು. ರೈಲು ನಿಲ್ದಾಣ ಇದೆ. ದುಡಿಯುವ ಜನ ಬಂದು ನೆಲೆ ನಿಂತರು. ಸಣ್ಣ ಉಗಾರ ಪಟ್ಟಣವಾಯಿತು. ಮೊದಲು ಅಥಣಿ ತಾಲೂಕಿನಲ್ಲಿತ್ತು, ಈಗ ಕಾಗವಾಡ ತಾಲೂಕಿನಲ್ಲಿದೆ. ಇಲ್ಲಿ ಈಗ ಪುರಸಭೆ ಇದೆ. 2021ರ ಡಿಸೆಂಬರ್‌ನಲ್ಲಿ ಅದಕ್ಕೆ ಚುನಾವಣೆ ನಡೆಯಿತು.

ಊರು ಬೆಳೆದಾಗ ಹಳೆಯ ಗೆರೆ ಸಾಲದು. ಹೊಸ ಗೆರೆ ಎಳೆಯುತ್ತಾರೆ. ಇದಕ್ಕೆ ಕ್ಷೇತ್ರ ಮರುವಿಂಗಡಣೆ ಎಂದು ಹೆಸರು.

ತಲೆ ಎಣಿಕೆ ಯಾಕೆ?

ನಮ್ಮ ಸಂವಿಧಾನಕ್ಕೆ ಎರಡು ತಿದ್ದುಪಡಿ ಆದವು. ಒಂದು ಪಂಚಾಯತಿಗಳಿಗೆ, ಒಂದು ಪಟ್ಟಣಗಳಿಗೆ. ಎರಡೂ 1993ರಲ್ಲಿ ಜಾರಿಗೆ ಬಂದವು. ಅದೇ ವರ್ಷ ಕರ್ನಾಟಕದ ಪಂಚಾಯತಿ ಕಾಯಿದೆಯೂ ಬಂತು. ಅದರ ಪ್ರಕಾರ ಗ್ರಾಮ ಪಂಚಾಯತಿಯಲ್ಲಿ ಸುಮಾರು 400 ಜನರಿಗೆ ಒಬ್ಬ ಸದಸ್ಯರು.

ಈ ಲೆಕ್ಕ ಬೇಕು. ಒಂದು ಕಡೆ 300 ಜನರಿಗೆ ಒಬ್ಬ ಮೆಂಬರ್, ಇನ್ನೊಂದು ಕಡೆ 900 ಜನರಿಗೆ ಒಬ್ಬ ಮೆಂಬರ್ ಎಂದರೆ ಅದು ನ್ಯಾಯವಲ್ಲ. 900 ಜನರ ಓಟಿನ ಬೆಲೆ ಕಡಿಮೆ ಆದಂತೆ. ಜನಗಣತಿಯ ಅಂಕಿ ನೋಡಿ ಈ ಲೆಕ್ಕ ಹಾಕುತ್ತಾರೆ. ಪೂರ್ತಿ ಅಂಕಿ ಸಿಗುವ ಕೊನೆಯ ಜನಗಣತಿ 2011ರದು.

ಆದರೆ ಅಂಕಿಗೆ ಬೋರು ಕಾಣುವುದಿಲ್ಲ. ಯಾವ ಓಣಿಯ ಮಕ್ಕಳು ಯಾವ ಅಂಗನವಾಡಿಗೆ ಹೋಗುತ್ತಾರೆ ಎಂಬುದು ಅಂಕಿಗೆ ಗೊತ್ತಿಲ್ಲ. ಯಾರ ಚರಂಡಿ ನೀರು ಯಾರ ಬಾಗಿಲಿಗೆ ಬರುತ್ತದೆ ಎಂಬುದೂ ಗೊತ್ತಿಲ್ಲ. 2005ರಲ್ಲಿ ಮತ್ತು 2019ರಲ್ಲಿ ಕೃಷ್ಣಾ ನದಿ ಉಕ್ಕಿ ಬಂತು. ದಂಡೆಯ ಊರುಗಳಲ್ಲಿ ತಗ್ಗಿನ ಓಣಿಯವರು ಮಕ್ಕಳು, ದನಕರು ಕಟ್ಟಿಕೊಂಡು ಮನೆ ಬಿಟ್ಟರು. ಅಂಥ ಹೊತ್ತಿನಲ್ಲಿ ಯಾರಿಗೆ ಯಾರು ಆದರು? ಇದು ಹೆಣ್ಣುಮಕ್ಕಳಿಗೆ ಗೊತ್ತು. ಕಚೇರಿಯ ಮೇಜಿಗೆ ಗೊತ್ತಿಲ್ಲ.

ಬಾಳುವೆಯ ನಂಟು ನೋಡಬೇಕು ಎಂಬ ಮಾತು ಹೊಸದಲ್ಲ. ಮೊದಲು ಮಂಡಲ ಪಂಚಾಯತಿಗಳಿದ್ದವು. ಅವು ದೊಡ್ಡವು. 1993ರ ಕಾಯಿದೆ 5,000ದಿಂದ 7,000 ಜನರಿಗೆ ಒಂದು ಗ್ರಾಮ ಪಂಚಾಯತಿ ಎಂದಿತು. ಮಲೆನಾಡಿನಲ್ಲಿ ಮನೆಗಳು ದೂರ ದೂರ. ಅಲ್ಲಿ 2,500 ಜನ ಇದ್ದರೂ ಸಾಕು ಎಂದಿತು. ಅಂದರೆ ತಲೆ ಎಣಿಕೆಯ ಜೊತೆ ನಡೆಯುವ ದಾರಿಯನ್ನೂ ನೋಡಿತು.

ನಂಟು ಎಂದರೆ ಜಾತಿ ಅಲ್ಲ

ಒಂದು ಎಚ್ಚರಿಕೆ. ನಂಟು ಎಂದರೆ ನೀರು, ದಾರಿ, ಶಾಲೆ, ದುಡಿಮೆ. "ನಮ್ಮ ಜಾತಿಯವರಷ್ಟೇ ಒಂದು ವಾರ್ಡು ಆಗಲಿ" ಎಂದರೆ ಊರು ಒಡೆಯುತ್ತದೆ. ಇದಕ್ಕೆ ತಿರುವು ಮೋಸವೂ ಇದೆ. ದಲಿತರ ಕೇರಿಯನ್ನು ಎರಡು ತುಂಡು ಮಾಡಿ ಎರಡು ವಾರ್ಡಿಗೆ ಹಂಚಿದರೆ ಅವರ ಮಾತು ಎಲ್ಲಿಯೂ ನಡೆಯುವುದಿಲ್ಲ. ಎರಡೂ ತಪ್ಪು.

ಕೇಳಿದರೆ ಬದಲಾಗುತ್ತದೆಯೇ?

ಬೆಂಗಳೂರಿನ ಕಥೆ ಕೇಳಿ. ಅಲ್ಲಿ 198 ವಾರ್ಡುಗಳಿದ್ದವು. 2022ರಲ್ಲಿ 243 ಮಾಡಲು ಕರಡು ಹೊರಡಿಸಿದರು. ಕರಡು ಎಂದರೆ ಇನ್ನೂ ಪಕ್ಕಾ ಆಗದ ಕಾಗದ. ಜನ ಸಾವಿರಾರು ಆಕ್ಷೇಪಣೆ ಬರೆದರು. ಎಲ್ಲರ ಮಾತೂ ನಡೆಯಲಿಲ್ಲ. 243 ವಾರ್ಡು ಪಕ್ಕಾ ಆದವು. ಆದರೂ ಗೆರೆ ಅಲ್ಲಿಗೇ ನಿಲ್ಲಲಿಲ್ಲ. 2023ರಲ್ಲಿ ಮತ್ತೆ ಎಳೆದು 225 ಮಾಡಿದರು. 2025ರಲ್ಲಿ ಆ ಒಂದು ಪಾಲಿಕೆಯೇ ಐದು ಪಾಲಿಕೆಗಳಾಯಿತು. ಅಂದರೆ ಗೆರೆ ಕಲ್ಲಿನ ಮೇಲೆ ಕೆತ್ತಿದ್ದಲ್ಲ.

ನಾವು ಏನು ಮಾಡಬೇಕು?

ಮರುವಿಂಗಡಣೆ ಬಂದಾಗ ಕರಡು ಪಟ್ಟಿಯನ್ನು ಪ್ರಕಟ ಮಾಡುತ್ತಾರೆ. ಪುರಸಭೆ, ಪಂಚಾಯತಿ, ತಹಸೀಲ್ದಾರ ಕಚೇರಿಯಲ್ಲಿ ವಿಚಾರಿಸಿ. ಅದನ್ನು ಓದಿ. ಈಗ ನಮಗೆ ಓದಲು ಬರುತ್ತದೆ.

ಹೊಲದ ಕಾಗದದಲ್ಲಿ ಚಕ್ಕಬಂದಿ ಇರುತ್ತದಲ್ಲ? ವಾರ್ಡಿಗೂ ಹಾಗೆಯೇ. ಮೂಡಣಕ್ಕೆ ಏನು, ಪಡುವಣಕ್ಕೆ ಏನು, ಬಡಗಣಕ್ಕೆ ಏನು, ತೆಂಕಣಕ್ಕೆ ಏನು ಎಂದು ಬರೆದಿರುತ್ತದೆ. ಓದಿದ ಮೇಲೆ ನಾಲ್ಕು ಮಂದಿ ಕೂಡಿ ಆ ಗಡಿಯ ಗುಂಟ ನಡೆದು ನೋಡಿ. ಓಣಿ ಎಲ್ಲಿ ತುಂಡಾಗಿದೆ ಎಂದು ಕಾಲಿಗೆ ತಿಳಿಯುತ್ತದೆ.

ತಪ್ಪು ಕಂಡರೆ ಹೀಗೆ ಬರೆಯಬಹುದು:

"ಮಾನ್ಯರೇ, ಕರಡು ಪಟ್ಟಿಯಲ್ಲಿ ನಮ್ಮ ಓಣಿಯನ್ನು ಎರಡು ವಾರ್ಡಿಗೆ ಹಂಚಲಾಗಿದೆ. ಎರಡೂ ಬದಿಯ ಮನೆಗಳಿಗೆ ಬೋರು, ಚರಂಡಿ, ಅಂಗನವಾಡಿ ಒಂದೇ ಇವೆ. ಆದ್ದರಿಂದ ಪೂರ್ತಿ ಓಣಿಯನ್ನು ಒಂದೇ ವಾರ್ಡಿನಲ್ಲಿ ಇಡಬೇಕು. ಓಣಿಯ ಬದಲು ಹಿಂದಿನ ದೊಡ್ಡ ರಸ್ತೆಯನ್ನು ಗಡಿ ಮಾಡಬೇಕೆಂದು ಬೇಡಿಕೆ."

ಕೊನೆಯ ಸಾಲು ನೋಡಿದಿರಾ? ಬರೀ "ಬ್ಯಾಡ" ಎಂದರೆ ಸಾಲದು. ಗೆರೆ ಎಲ್ಲಿ ಹಾಯಬೇಕು ಎಂದೂ ಹೇಳಬೇಕು. ಜನರ ಲೆಕ್ಕ ಹೆಚ್ಚುಕಡಿಮೆ ಸಮ ಇರುವಂತೆ ಹೇಳಿದರೆ ನಮ್ಮ ಮಾತಿಗೆ ತೂಕ ಬರುತ್ತದೆ.

ಎಷ್ಟು ದಿನದೊಳಗೆ, ಯಾರಿಗೆ ಕೊಡಬೇಕು ಎಂಬುದು ಕರಡಿನಲ್ಲೇ ಇರುತ್ತದೆ. ದಿನ ಮೀರಿಸಬೇಡಿ. ಸಹಿ ಮಾಡಿ. ಕೊಟ್ಟದ್ದಕ್ಕೆ ಪೋಚು ತೆಗೆದುಕೊಳ್ಳಿ. ಒಂದು ನಕಲು ಮನೆಯಲ್ಲಿ ಇಡಿ.

ಮೊದಲು ಹೆಬ್ಬೆಟ್ಟು ಒತ್ತುತ್ತಿದ್ದೆವು. ಯಾರೋ ಗೆರೆ ಎಳೆಯುತ್ತಿದ್ದರು. ಈಗ ನಮ್ಮ ಕೈಯಲ್ಲೂ ಪೆನ್ನು ಇದೆ.

ಕೂಡಿ ಮಾತಾಡಿರಿ

1. ನಿಮ್ಮ ಮನೆ ಯಾವ ವಾರ್ಡಿನಲ್ಲಿದೆ? ಅದರ ನಾಲ್ಕು ದಿಕ್ಕಿಗೆ ಏನೇನಿದೆ?
2. ನಿಮ್ಮ ಬೋರು ಅಥವಾ ನಳದ ನೀರು ಒಯ್ಯುವವರೆಲ್ಲ ಒಂದೇ ವಾರ್ಡಿನವರೇ?
3. ನಿಮ್ಮ ಓಣಿಯ ನಕ್ಷೆಯನ್ನು ನೆಲದ ಮೇಲೆ ರಂಗೋಲಿ ಹಿಟ್ಟಿನಲ್ಲಿ ಬರೆಯಿರಿ. ವಾರ್ಡಿನ ಗಡಿ ಎಲ್ಲಿ ಇರಬೇಕು? ಗೆರೆ ಎಳೆದು ತೋರಿಸಿರಿ.