ಬುರುಜಿನ ಮೇಲೆ ಸೂರ್ಯ ತಡವಾಗಿ ಮುಳುಗುತ್ತಾನೆ

'ಬುರ್ಜ್' ಅರಬಿ ಪದ. ಗೋಪುರ ಎಂದರ್ಥ. ಆದರೆ ನಮಗೆ ಅದು ಹೊಸ ಪದವೇನಲ್ಲ. ಕನ್ನಡದಲ್ಲಿ ಅದು ಯಾವಾಗಲೋ 'ಬುರುಜು' ಆಗಿ ಬಂದು ಕೂತಿದೆ, ನಮ್ಮ ಮನೆಯ ಉರ್ದುವಿನಲ್ಲಿ ಬುರ್ಜ್ ಆಗಿಯೇ ಇದೆ. ಕುಮಟಾ ತಾಲೂಕಿನ ಮಿರ್ಜಾನ್ ಕೋಟೆಗೆ ಹೋದವರೆಲ್ಲ ಕೆಂಪು ಕಲ್ಲಿನ ಬುರುಜಿನ ಮೇಲೆ ನಿಂತು ಫೋಟೋ ತೆಗೆಸಿಕೊಂಡವರೇ. ವಿಜಯಪುರದಲ್ಲಿ 1584ರ ಸುಮಾರಿಗೆ ಹೈದರ್ ಖಾನ್ ಕಟ್ಟಿಸಿದ ಉಪ್ಪಲಿ ಬುರುಜು ಇದೆ. ಎತ್ತರ ಸುಮಾರು 80 ಅಡಿ, ಹೊರಗಿನಿಂದ ಸುತ್ತಿಕೊಂಡು ಹೋಗುವ ಮೆಟ್ಟಿಲು. ಇವೆಲ್ಲ ಶತ್ರು ಬರುತ್ತಾನೋ ಎಂದು ನೋಡಲು ಕಟ್ಟಿದವು. ದುಬೈನ ಬುರ್ಜ್ ಖಲೀಫಾದಲ್ಲಿ ಆ ಚಿಂತೆ ಇಲ್ಲ. ಅಲ್ಲಿ ಮೇಲಿನಿಂದ ನೋಡುವುದೇ ಒಂದು ವ್ಯಾಪಾರ.

ಕಳೆದ ಬೇಸಿಗೆ ರಜೆಯಲ್ಲಿ ಅಮ್ಮೀ, ತಂಗಿ ಮತ್ತು ನಾನು ದುಬೈಗೆ ಹೋಗಿದ್ದೆವು. ಅಬ್ಬಾ ಅಲ್ಲಿ ದೇರಾದ ಒಂದು ಬಟ್ಟೆ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಲೆಕ್ಕ ಬರೆಯುತ್ತಾರೆ. ಭಟ್ಕಳ, ಮಂಕಿ, ಹೊನ್ನಾವರದ ಕಡೆಯ ನಮಗೆ ಇದರಲ್ಲಿ ವಿಶೇಷವೇನೂ ಇಲ್ಲ. ಆದರೂ ಊರಿಗೆ ಬಂದ ಮೇಲೆ ಇಡಗುಂಜಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುವಾಗ, ಕ್ಲಾಸಿನಲ್ಲಿ, ಎಲ್ಲ ಕಡೆಯೂ ಒಂದೇ ಪ್ರಶ್ನೆ: 'ಮೇಲೆ ಹೋಗಿದ್ಯಾ? ಎಷ್ಟು ದೂರ ಕಾಣ್ತದೆ?' ಎಲ್ಲರಿಗೂ ಒಟ್ಟಿಗೇ ಉತ್ತರ ಹೇಳುವ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅಳತೆ. ಬುರ್ಜ್ ಖಲೀಫಾದ ಎತ್ತರ 828 ಮೀಟರ್. ನಮ್ಮ ಮುರುಡೇಶ್ವರದ 20 ಅಂತಸ್ತಿನ ರಾಜಗೋಪುರ ಸುಮಾರು 72 ಮೀಟರ್. ಅಂಥ ಹನ್ನೊಂದು ಗೋಪುರಗಳನ್ನು ಒಂದರ ಮೇಲೊಂದು ಇಟ್ಟರೂ ಇನ್ನೂ ಸ್ವಲ್ಪ ಕಡಿಮೆ ಬೀಳುತ್ತದೆ. ಹಾಗೆಂದು ಟಿಕೆಟ್ ಕೊಂಡವರು ತುದಿಗೆ ಹೋಗುವುದಿಲ್ಲ. ಸಾಮಾನ್ಯ ಟಿಕೆಟ್ಟಿಗೆ 124 ಮತ್ತು 125ನೇ ಮಹಡಿ, ಹೆಚ್ಚು ಕೊಟ್ಟರೆ 148ನೇ ಮಹಡಿ. 124ನೇ ಮಹಡಿ ನೆಲದಿಂದ 452 ಮೀಟರ್ ಮೇಲಿದೆ. ತುದಿಯ 244 ಮೀಟರಿನಷ್ಟು ಭಾಗದಲ್ಲಿ ಯಾರೂ ವಾಸಿಸುವುದಿಲ್ಲ, ಕೆಲಸವನ್ನೂ ಮಾಡುವುದಿಲ್ಲ. ಅದು ಎತ್ತರಕ್ಕಾಗಿ ಇರುವ ಎತ್ತರ. ಮೂರು ಮುರುಡೇಶ್ವರ ಗೋಪುರಗಳಿಗಿಂತ ಹೆಚ್ಚು ಬರೀ ಶೋಕಿಗೆ!

ಮೇಲೆ ಹೋಗುವ ದಾರಿ ಶುರುವಾಗುವುದು ದುಬೈ ಮಾಲಿನ ಕೆಳಮಹಡಿಯಲ್ಲಿ. ಸಾಲು, ಬ್ಯಾಗ್ ತಪಾಸಣೆ, ಮತ್ತೆ ಸಾಲು. ಲಿಫ್ಟ್ ಮಾತ್ರ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಒಂದು ನಿಮಿಷದಲ್ಲಿ ಮುಟ್ಟಿಸಿಬಿಡುತ್ತದೆ. ಗೇರುಸೊಪ್ಪೆ ಘಾಟಿ ಹತ್ತುವಾಗ ಕಿವಿ ಮುಚ್ಚಿಕೊಳ್ಳುತ್ತದಲ್ಲ, ಹಾಗೇ ಆಗುತ್ತದೆ. ಘಾಟಿಯಲ್ಲಿ ನಿಧಾನವಾಗಿ, ಇಲ್ಲಿ ಒಮ್ಮೆಗೇ.

ಮರಳುನಾಡಿನಲ್ಲಿ ಇಷ್ಟು ಎತ್ತರದ್ದು ಹೇಗೆ ನಿಂತಿದೆ? ಮೇಲಿನಿಂದ ನೋಡಿದರೆ ಕಟ್ಟಡದ ಆಕಾರ ಮೂರು ರೆಕ್ಕೆಯದು. ನಡುವೆ ಆರು ಮೂಲೆಯ ಗಟ್ಟಿ ಕಾಂಡ, ಅದಕ್ಕೆ ಮೂರು ಕಡೆಯಿಂದ ರೆಕ್ಕೆಗಳ ಆಸರೆ. ಮೇಲೆ ಹೋದಂತೆ ರೆಕ್ಕೆಗಳು ಸರದಿಯಂತೆ ಕಿರಿದಾಗುತ್ತವೆ. ಇದರಿಂದ ಗಾಳಿಗೆ ಎಲ್ಲ ಮಟ್ಟದಲ್ಲೂ ಒಂದೇ ಆಕಾರ ಸಿಗುವುದಿಲ್ಲ, ಹಾಗಾಗಿ ಒಂದೇ ತಾಳದಲ್ಲಿ ಕಟ್ಟಡವನ್ನು ತೂಗಾಡಿಸಲು ಆಗುವುದಿಲ್ಲ. ಅಡಿಯಲ್ಲಿ ಒಂದೂವರೆ ಮೀಟರ್ ದಪ್ಪದ 192 ಕಾಂಕ್ರೀಟ್ ಕಂಬಗಳು ನೆಲದೊಳಗೆ 50 ಮೀಟರ್ ಆಳಕ್ಕೆ ಇಳಿದಿವೆ. ಬೇಸಿಗೆಯಲ್ಲಿ ಕಾಂಕ್ರೀಟ್ ಬೇಗ ಗಟ್ಟಿಯಾಗಿ ಬಿರುಕು ಬಿಡಬಾರದೆಂದು ಮಂಜುಗಡ್ಡೆ ಬೆರೆಸಿ ರಾತ್ರಿ ಹೊತ್ತು ಸುರಿಯುತ್ತಿದ್ದರು. ವಾಸ್ತುಶಿಲ್ಪಿ ಅಮೆರಿಕದ ಆಡ್ರಿಯನ್ ಸ್ಮಿತ್. ಕೆಲಸ ಬಿರುಸಾಗಿದ್ದಾಗ ದಿನಕ್ಕೆ 12,000ಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು, ಹೆಚ್ಚಿನವರು ನಮ್ಮ ಭಾರತ, ಪಾಕಿಸ್ತಾನ, ಬಾಂಗ್ಲಾದೇಶದ ಕಡೆಯವರು. ಕೂಲಿ ಕಡಿಮೆಯೆಂದು ಅವರು 2006ರ ಮಾರ್ಚ್‌ನಲ್ಲಿ ಕೆಲಸ ನಿಲ್ಲಿಸಿ ಗಲಾಟೆ ಮಾಡಿದ್ದೂ ಆಗ ಪತ್ರಿಕೆಗಳಲ್ಲಿ ಬಂದಿತ್ತು.

ಹೆಸರಿನ ಹಿಂದೆ ವಾಣಿಜ್ಯ ವಿಭಾಗದವರಿಗೆ ಬೇಕಾದ ಕಥೆಯಿದೆ. ಕಟ್ಟುವಾಗ ಅದರ ಹೆಸರು ಬುರ್ಜ್ ದುಬೈ. 2009ರ ನವೆಂಬರ್‌ನಲ್ಲಿ ದುಬೈ ಸರ್ಕಾರದ ಒಡೆತನದ ದುಬೈ ವರ್ಲ್ಡ್ ಕಂಪನಿ ಸಾಲ ತೀರಿಸಲು ಹೆಚ್ಚು ಸಮಯ ಕೇಳಿತು. ಡಿಸೆಂಬರ್‌ನಲ್ಲಿ ನೆರೆಯ ಅಬುಧಾಬಿ 1,000 ಕೋಟಿ ಡಾಲರ್ ನೆರವು ಕೊಟ್ಟಿತು. 2010ರ ಜನವರಿ 4ರಂದು ಕಟ್ಟಡ ಉದ್ಘಾಟನೆಯಾದಾಗ ಹೆಸರು ಬುರ್ಜ್ ಖಲೀಫಾ ಆಗಿತ್ತು. ಶೇಖ್ ಖಲೀಫಾ ಆಗಿನ ಯುಎಇ ಅಧ್ಯಕ್ಷರು, ಅಬುಧಾಬಿಯ ದೊರೆ. ಬ್ಯಾಲೆನ್ಸ್ ಶೀಟ್ ಓದಲು ಬಂದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಇನ್ನು ಎಷ್ಟು ದೂರ ಕಾಣುತ್ತದೆ ಎಂಬ ಪ್ರಶ್ನೆ. ಇದಕ್ಕೊಂದು ಸುಲಭ ಲೆಕ್ಕವಿದೆ. ನಿಂತ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಕಾಸರಕೋಡ ಬೀಚಿನಲ್ಲಿ ನಿಂತವನಿಗೆ ನಾಲ್ಕೂವರೆ ಕಿಲೋಮೀಟರ್. ಮುರುಡೇಶ್ವರ ಗೋಪುರದಷ್ಟು ಎತ್ತರಕ್ಕೆ ಸುಮಾರು 30. 124ನೇ ಮಹಡಿಗೆ ಸುಮಾರು 76, ಅಂದರೆ ಭಟ್ಕಳದಲ್ಲಿ ನಿಂತು ಕುಮಟಾವನ್ನೂ ದಾಟಿ ನೋಡಿದಂತೆ. ಎತ್ತರ ಆರು ಪಟ್ಟು ಹೆಚ್ಚಿದರೂ ದೂರ ಹೆಚ್ಚಿದ್ದು ಎರಡೂವರೆ ಪಟ್ಟು ಮಾತ್ರ. ಇಳಿಮುಖ ಪ್ರತಿಫಲ ನಿಯಮಕ್ಕೆ ಪರೀಕ್ಷೆಯಲ್ಲಿ ಗದ್ದೆಯ ಉದಾಹರಣೆಯನ್ನೇ ಬರೆಯುವವರು ಇದನ್ನೂ ಬರೆಯಬಹುದು.

ಆದರೆ 76 ಕಿಲೋಮೀಟರ್ ಲೆಕ್ಕದ ಮಾತು. ನಾವು ಹೋದ ದಿನ ಆಕಾಶದಲ್ಲಿ ಮೋಡವೇ ಇರಲಿಲ್ಲ, ಆದರೂ ದೂರದ್ದೆಲ್ಲ ಧೂಳಿನ ಮಬ್ಬಿನಲ್ಲಿ ಕರಗಿತ್ತು. ಹತ್ತಿರದ್ದು ಮಾತ್ರ ಸ್ಪಷ್ಟ: ಹನ್ನೆರಡು ಸಾಲಿನ ಶೇಖ್ ಜಾಯೆದ್ ರಸ್ತೆ, ಕಾರಂಜಿಯ ಕೊಳ, ಕಟ್ಟಡಗಳು ಮುಗಿದಲ್ಲಿ ಮರಳು. ಗೋಪುರದ ನೆರಳು ದೊಡ್ಡ ಗಡಿಯಾರದ ಮುಳ್ಳಿನಂತೆ ಊರಿನ ಮೇಲೆ ಬಿದ್ದಿತ್ತು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ.

ಟಿಕೆಟ್ಟಿಗೆ ಬೆಳಗ್ಗೆ ಒಂದು ದರ, ಸೂರ್ಯಾಸ್ತದ ಹೊತ್ತಿಗೆ ಇನ್ನೊಂದು. ಅದೇ ಲಿಫ್ಟ್, ಅದೇ ಕಿಟಕಿ, ಬೇಡಿಕೆ ಹೆಚ್ಚಿರುವ ಗಂಟೆಗೆ ಬೆಲೆ ಹೆಚ್ಚು. ಪುಸ್ತಕದಲ್ಲಿ ಬೆಲೆ ತಾರತಮ್ಯ ಎಂದು ಓದಿದ್ದು ಅಲ್ಲಿ ಬೋರ್ಡಿನ ಮೇಲೆ ನೇತಾಡುತ್ತಿತ್ತು. ಅಮ್ಮೀಗೆ ಸೂರ್ಯ ಮುಳುಗುವುದನ್ನು ನೋಡುವ ಆಸೆ. ಅಬ್ಬಾ ಆ ಹೊತ್ತಿನ ಟಿಕೆಟ್ಟನ್ನೇ ತೆಗೆದರು, ಆದರೆ ಮೂರು. 'ನೀವು ಹೋಗಿ ಬನ್ನಿ, ನಂಗೆ ಇದು ದಿನಾ ಕಾಣ್ತದೆ' ಎಂದು ಕೆಳಗೇ ಉಳಿದರು. ಹನ್ನೊಂದು ವರ್ಷದಲ್ಲಿ ಅವರು ಒಮ್ಮೆಯೂ ಮೇಲೆ ಹೋಗಿಲ್ಲ. ಲಿಫ್ಟಿನ ಸಾಲಿನಲ್ಲಿ ನಿಂತು ಲೆಕ್ಕ ಹಾಕಿದೆ. ಸೂರ್ಯಾಸ್ತಕ್ಕೆಂದು ಮೂರು ಜನರಿಗೆ ಕೊಟ್ಟ ಹೆಚ್ಚುವರಿ ಹಣ ಕೂಡಿಸಿದರೆ ಹೆಚ್ಚುಕಡಿಮೆ ಬೆಳಗಿನ ಒಂದು ಟಿಕೆಟ್. ಆ ಸೂರ್ಯ ಸಮುದ್ರ ಮುಟ್ಟುವ ಮೊದಲೇ ತಾಮ್ರದ ತಟ್ಟೆಯಾಗಿ ಧೂಳಿನಲ್ಲಿ ಕರಗಿಹೋದ. ಅಮ್ಮೀ ಮಾತ್ರ ಕೆಳಗೆ ಬಂದು 'ಬಹುತ್ ಅಚ್ಛಾ ಥಾ' ಎಂದರು.

ಧೂಳು ಇಲ್ಲದ ದಿನ ಮೇಲಿದ್ದವರಿಗೆ ಸೂರ್ಯ ಕೆಳಗಿನವರಿಗಿಂತ ಎರಡು ಮೂರು ನಿಮಿಷ ಹೆಚ್ಚು ಹೊತ್ತು ಕಾಣುತ್ತಾನೆ. ಭೂಮಿ ಗುಂಡಗಿರುವುದರಿಂದ ಎತ್ತರದಲ್ಲಿ ನಿಂತವರಿಗೆ ದಿಗಂತ ಕೆಳಕ್ಕೆ ಸರಿಯುತ್ತದೆ, ಸೂರ್ಯ ಅಷ್ಟು ಹೆಚ್ಚು ಇಳಿಯಬೇಕು. ಇದು ಆಟದ ಮಾತಲ್ಲ, ರೋಜಾ ಬಿಡುವ ಸಮಯದ ಪ್ರಶ್ನೆ. 2011ರ ರಮಜಾನ್‌ನಲ್ಲಿ ದುಬೈನ ಮುಫ್ತಿ ಇದಕ್ಕೆ ಉತ್ತರ ಕೊಟ್ಟರು: ಬುರ್ಜ್ ಖಲೀಫಾದಲ್ಲಿ 80ನೇ ಮಹಡಿಗಿಂತ ಮೇಲಿರುವವರು ಇಫ್ತಾರಿಗೆ ಎರಡು ನಿಮಿಷ, 150ಕ್ಕಿಂತ ಮೇಲಿರುವವರು ಮೂರು ನಿಮಿಷ ಹೆಚ್ಚು ಕಾಯಬೇಕು. ಒಂದೇ ಕಟ್ಟಡದಲ್ಲಿ ಮೂರು ಮಗ್ರಿಬ್! ಕೆಳಗಿನ ಮಹಡಿಯವರು ಖರ್ಜೂರ ಬಾಯಿಗಿಟ್ಟಾಗ ಮೇಲಿನ ಮಹಡಿಯವರ ಕಿಟಕಿಯಲ್ಲಿ ಇನ್ನೂ ಬಿಸಿಲು.

ಇದನ್ನು ಪರೀಕ್ಷಿಸಲು ವಿಮಾನ ಹತ್ತಬೇಕಿಲ್ಲ. ಮುರುಡೇಶ್ವರ ಗೋಪುರದಲ್ಲೂ ಲಿಫ್ಟ್ ಇದೆ, ಟಿಕೆಟ್ಟಿಗೆ ಕೆಲವೇ ರೂಪಾಯಿ. ಪಶ್ಚಿಮಕ್ಕೆ ಬರೀ ಸಮುದ್ರ, ನಡುವೆ ನೇತ್ರಾಣಿ ದ್ವೀಪ. ಲೆಕ್ಕದ ಪ್ರಕಾರ ಅಷ್ಟು ಎತ್ತರಕ್ಕೆ ಒಂದು ನಿಮಿಷದ ವ್ಯತ್ಯಾಸ ಬರಬೇಕು. ಆಕಾಶ ಶುಭ್ರವಿರುವ ಚಳಿಗಾಲದ ಒಂದು ಸಂಜೆ, ಅಷ್ಟು ಹೊತ್ತು ಮೇಲೆ ನಿಲ್ಲಲು ಬಿಟ್ಟರೆ, ಒಬ್ಬ ಮೇಲೆ ಒಬ್ಬ ತೀರದಲ್ಲಿ ಫೋನ್ ಹಿಡಿದು ನಿಂತರೆ ಸಾಕು. ಡಿಸೆಂಬರ್‌ನಲ್ಲಿ ಅಬ್ಬಾ ರಜೆಗೆ ಬರುತ್ತಾರೆ. ಮೇಲೆ ಯಾರು, ಕೆಳಗೆ ಯಾರು ಎಂದು ಅವರಿಗೆ ಈಗಲೇ ಹೇಳಿಟ್ಟಿದ್ದೇನೆ.