ಯವಸುರೆಯ ಸಂಧಾನಸಿದ್ಧಿನಿರ್ಣಯ

ಯವಧಾನ್ಯವನ್ನು ಮೊಳೆಯಿಸಿ ಒಣಗಿಸಿ, ನುಚ್ಚುಮಾಡಿ, ಬಿಸಿನೀರಿನಲ್ಲಿ ನೆನೆಯಿಟ್ಟು ತೆಗೆದ ಸಿಹಿರಸವನ್ನು ಹಾಪ್ ಎಂಬ ಬಳ್ಳಿಯ ಹೂವಿನೊಡನೆ ಕುದಿಸಿ, ಆರಿದ ಬಳಿಕ ಯೀಸ್ಟನ್ನು ಕೂಡಿಸಿ ಹುದುಗಿಸಿದರೆ ಬಿಯರ್ ಎಂಬ ಪಾನೀಯವು ಉಂಟಾಗುತ್ತದೆ. ಪಾಶ್ಚಾತ್ಯದೇಶಗಳಲ್ಲಿ ಗೃಹಸ್ಥರು ಇದನ್ನು ಮನೆಯಲ್ಲಿಯೇ ಮಾಡಿಕೊಳ್ಳುವುದುಂಟು. ಇಂಗ್ಲೆಂಡಿನಲ್ಲಿ ಇದಕ್ಕೆ ಅನುಮತಿಪತ್ರವನ್ನು ಪಡೆಯಬೇಕೆಂಬ ನಿಯಮವು 1963ರಲ್ಲಿ ರದ್ದಾಯಿತು. ಅಮೆರಿಕದಲ್ಲಿ 1978ರ ಶಾಸನವು ಗೃಹೋಪಯೋಗಕ್ಕಾಗಿ ಮಾಡುವ ಬಿಯರಿಗೆ ಕೇಂದ್ರಸರ್ಕಾರದ ತೆರಿಗೆಯಿಂದ ವಿನಾಯಿತಿಯನ್ನು ಕೊಟ್ಟಿತು. ಭಾರತೀಯರಿಗೂ ಇಂಥ ಪದ್ಧತಿಯು ಅಪೂರ್ವವಲ್ಲ. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷಪ್ರಕರಣದಲ್ಲಿ, ಕುಟುಂಬಿಗಳು ಕಾರ್ಯಗಳೊದಗಿದಾಗ ಶ್ವೇತಸುರೆಯನ್ನೂ ಔಷಧಾರ್ಥವಾಗಿ ಅರಿಷ್ಟವನ್ನೂ ಮಾಡಿಕೊಳ್ಳಬಹುದೆಂಬ ವಿಧಿಯು ಕಾಣಬರುತ್ತದೆ.

ಹೀಗೆ ಮನೆಯಲ್ಲಿ ಮಾಡಿದ ಬಿಯರನ್ನು ಸೀಸೆಗಳಲ್ಲಿ ತುಂಬಿ ಬಿಗಿಯುವುದಕ್ಕೆ ತಕ್ಕ ಕಾಲವು ಯಾವುದು ಎಂಬುದೇ ಇಲ್ಲಿಯ ವಿಚಾರವು. ಇದರಲ್ಲಿ ತಪ್ಪಿದರೆ ಕೆಡುವುದು ರುಚಿಯೊಂದೇ ಅಲ್ಲ. ಸೀಸೆಯು ಸಿಡಿದು ಗಾಜಿನ ಚೂರುಗಳು ಕೈಗೂ ಕಣ್ಣಿಗೂ ತಗಲುವ ಅಪಾಯವುಂಟು.

ಅದೆಂತೆಂದರೆ: ಯೀಸ್ಟೆಂಬುದು ಅತಿಸೂಕ್ಷ್ಮವಾದ ಜೀವಿಯು. ಅದು ಸಕ್ಕರೆಯನ್ನು ಒಡೆದು, ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಮದ್ಯಸಾರವನ್ನಾಗಿಯೂ ಉಳಿದರ್ಧವನ್ನು ಇಂಗಾಲಾಮ್ಲವಾಯುವನ್ನಾಗಿಯೂ ಪರಿಣಮಿಸುತ್ತದೆ. ಹುದುಗುವ ಪಾತ್ರೆಯಲ್ಲಿ ಈ ವಾಯುವು ಹೊರಗೆ ಹೋಗುತ್ತದೆ; ಬಿಗಿದ ಸೀಸೆಯಲ್ಲಿಯಾದರೋ ಅದಕ್ಕೆ ದಾರಿಯಿಲ್ಲ. ಒಂದು ಲೀಟರಿನಲ್ಲಿ 4 ಗ್ರಾಂ ಸಕ್ಕರೆಯು ಉಳಿದಿದ್ದರೆ ಅದರಿಂದ ಸುಮಾರು 2 ಗ್ರಾಂ ವಾಯುವು ಹುಟ್ಟುತ್ತದೆ. ಸಾಮಾನ್ಯವಾದ ಒತ್ತಡದಲ್ಲಿ ಅದು ಸುಮಾರು ಒಂದು ಲೀಟರಿನಷ್ಟು ಸ್ಥಳವನ್ನು ಆಕ್ರಮಿಸುವಂಥದು. ಪಾನೀಯವು ನೊರೆಯಿಂದ ಕೂಡಿರಲೆಂದು ಸೀಸೆ ತುಂಬುವಾಗ ಲೀಟರಿಗೆ 6-7 ಗ್ರಾಂ ಸಕ್ಕರೆಯನ್ನು ಬೇಕೆಂದೇ ಕೂಡಿಸುವ ವಾಡಿಕೆಯಿದೆ. ಸೀಸೆಯು ಈ ಭಾರವನ್ನು ತಾಳೀತು. ಮೊದಲಿನ ಸಕ್ಕರೆಯೂ ಇದರೊಡನೆ ಸೇರಿದರೆ ತಾಳಲಾರದು.

ಗುಳ್ಳೆಗಳು ಏಳುವುದು ನಿಂತರೆ ಸಂಧಾನವು ಮುಗಿಯಿತೆಂದು ಹಲವರ ಅಭಿಪ್ರಾಯವು. ಅರಿಷ್ಟಗಳನ್ನು ಮಾಡುವ ವೈದ್ಯರಲ್ಲಿಯೂ ಪಾತ್ರೆಗೆ ಕಿವಿಗೊಟ್ಟು ಒಳಗಿನ ಸದ್ದು ಅಡಗಿತೇ ಎಂದು ನೋಡುವ ಪದ್ಧತಿಯುಂಟು. ಆದರೆ ಈ ಹೇತುವು ವ್ಯಭಿಚಾರಿಯಾದುದು. ಚಳಿಯು ಹೆಚ್ಚಿದರೆ ಸಕ್ಕರೆಯು ಉಳಿದಿರುವಾಗಲೇ ಯೀಸ್ಟು ತಳಕ್ಕೆ ಇಳಿದು ಸುಮ್ಮನಾಗುತ್ತದೆ. ಮುಚ್ಚಳದಲ್ಲಿ ಸಂದಿಯಿದ್ದರೆ ವಾಯುವು ಅಲ್ಲಿಂದಲೇ ಹೋಗಿ ನೀರಿನ ನಳಿಗೆಯಲ್ಲಿ ಗುಳ್ಳೆಯೇ ಕಾಣುವುದಿಲ್ಲ. ಇನ್ನು ಸಂಧಾನವು ಪೂರ್ಣವಾದ ಮೇಲೆಯೂ ಬಿಸಿಲೇರಿದ ದಿನ ದ್ರವದಲ್ಲಿ ಲೀನವಾಗಿದ್ದ ವಾಯುವು ಗುಳ್ಳೆಯಾಗಿ ಏಳಬಹುದು. ಹೊಗೆಯಿಲ್ಲವೆಂದು ಬೆಂಕಿಯಿಲ್ಲವೆನ್ನಲಾಗದು, ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯಿಲ್ಲದಿದ್ದರೂ ಅಗ್ನಿಯಿರುವುದು ತಾರ್ಕಿಕರಿಗೆ ಪ್ರಸಿದ್ಧವೇ ಆಗಿದೆ.

ಪಾತ್ರೆಯ ಬಾಯಲ್ಲಿ ಉರಿಯುವ ಬತ್ತಿಯನ್ನು ಹಿಡಿದು, ಅದು ನಂದದಿದ್ದರೆ ಸಂಧಾನವು ಮುಗಿಯಿತೆನ್ನುವ ಪರೀಕ್ಷೆಯೂ ಇಂಥದೇ. ಇಂಗಾಲಾಮ್ಲವಾಯುವು ಗಾಳಿಗಿಂತ ಭಾರವಾದುದರಿಂದ ಸಂಧಾನವು ಮುಗಿದ ಮೇಲೆಯೂ ಪಾತ್ರೆಯಲ್ಲಿ ನಿಂತಿದ್ದು ದೀಪವನ್ನು ನಂದಿಸಬಹುದು. ಗಾಳಿಯಾಡಿ ಅದು ಚದರಿಹೋದರೆ ಮುಗಿಯದಿರುವಾಗಲೂ ದೀಪವು ಉರಿಯಬಹುದು. ದಿನಗಳ ಎಣಿಕೆಯೂ ಸಾಲದು. ಸುಮಾರು 20 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದೆರಡು ವಾರಗಳಲ್ಲಿ ಮುಗಿಯುವ ಕೆಲಸವು 10 ಡಿಗ್ರಿಯಲ್ಲಿ ಬಹಳ ನಿಧಾನವಾಗುತ್ತದೆ.

ಹಾಗಾದರೆ ನಿಶ್ಚಯವು ಹೇಗೆ? ಸಕ್ಕರೆಯು ಕರಗಿದ ನೀರು ಶುದ್ಧಜಲಕ್ಕಿಂತ ಭಾರವಾಗಿರುತ್ತದೆ. ಮದ್ಯಸಾರವು ಜಲಕ್ಕಿಂತ ಹಗುರವು. ಆದುದರಿಂದ ಸಂಧಾನವು ನಡೆದಂತೆಲ್ಲ ದ್ರವದ ಸಾಂದ್ರತೆಯು ಇಳಿಯುತ್ತ ಬರುತ್ತದೆ. ಹೈಡ್ರೋಮೀಟರ್ ಎಂಬ ತೇಲುವ ಗಾಜಿನ ಕೊಳವೆಯು ಇದನ್ನು ಅಂಕಿಯಿಂದ ತಿಳಿಸುತ್ತದೆ. ಜಲಕ್ಕೆ 1.000 ಎಂದಿಟ್ಟುಕೊಂಡರೆ, ಸಾಧಾರಣವಾದ ಯವರಸವು 1.040ರಿಂದ 1.050ರವರೆಗೆ ಇದ್ದು, ಕೊನೆಯಲ್ಲಿ 1.010ರ ಆಸುಪಾಸಿಗೆ ಇಳಿಯುತ್ತದೆ. ಯೀಸ್ಟಿಗೆ ಜೀರ್ಣವಾಗದ ಡೆಕ್ಸ್ಟ್ರಿನ್ ಎಂಬ ಅಂಶವು ಉಳಿಯುವುದರಿಂದ ಎಲ್ಲ ರಸಗಳಿಗೂ ಕೊನೆಯ ಅಂಕಿಯು ಒಂದೇ ಆಗಿರುವುದಿಲ್ಲ. ಆದಕಾರಣ ಇಂಥ ಅಂಕಿಗೆ ಇಳಿದುದೇ ಲಕ್ಷಣವಲ್ಲ, ಇಳಿಯುವುದು ನಿಂತುದೇ ಲಕ್ಷಣವು. ಎರಡು ಮೂರು ದಿನಗಳ ಅಂತರದಲ್ಲಿ ನೋಡಿದಾಗ ಅಂಕಿಯು ಸ್ವಲ್ಪವೂ ಕದಲದಿರಬೇಕು. ನೋಡುವ ಮೊದಲು ದ್ರವವನ್ನು ಕಲಕಿ ವಾಯುವನ್ನು ಹೊರಡಿಸಬೇಕು. ಇಲ್ಲವಾದರೆ ಗುಳ್ಳೆಗಳು ಕೊಳವೆಗೆ ಅಂಟಿ ಅದನ್ನು ಮೇಲಕ್ಕೆತ್ತುತ್ತವೆ. ಉಪಕರಣದ ಮೇಲೆ ಬರೆದಿರುವ ಉಷ್ಣಮಾನದಲ್ಲಿಯೇ ನೋಡಬೇಕು.

ಚಳಿಯಿಂದ ಸಂಧಾನವು ನಡುವೆ ನಿಂತಾಗಲೂ ಅಂಕಿಯು ಸ್ಥಿರವಾಗಿರುವುದಲ್ಲವೇ, ಎಂದರೆ ಇದು ಯುಕ್ತವಾದ ಆಕ್ಷೇಪವೇ. ಇದಕ್ಕೆ ಸಮಾಧಾನವು ಹೀಗೆ: ಮೊದಲ ದಿನವೇ ರಸದಲ್ಲಿ ಸ್ವಲ್ಪ ಭಾಗವನ್ನು ಬೇರೆ ತೆಗೆದು, ಅದಕ್ಕೆ ಅದೇ ಯೀಸ್ಟನ್ನು ಧಾರಾಳವಾಗಿ ಹಾಕಿ, ಬೆಚ್ಚನೆಯ ಸ್ಥಳದಲ್ಲಿಟ್ಟು, ಆಗಾಗ ಕಲಕುತ್ತಿರಬೇಕು. ಅದು ಕೆಲವು ದಿನಗಳಲ್ಲಿಯೇ ತನ್ನ ಕೊನೆಯ ಮೇರೆಗೆ ಇಳಿಯುತ್ತದೆ. ದೊಡ್ಡ ಪಾತ್ರೆಯ ಅಂಕಿಯು ಈ ಮೇರೆಯನ್ನು ಮುಟ್ಟಿ ಅಲ್ಲಿಯೇ ನಿಂತಿದ್ದರೆ ಸಂಧಾನವು ಸಿದ್ಧವಾಯಿತು. ಮುಟ್ಟದೆ ನಿಂತಿದ್ದರೆ ಪಾತ್ರೆಯನ್ನು ಬೆಚ್ಚಗಿಟ್ಟು, ತಳದ ಯೀಸ್ಟನ್ನು ಮೆಲ್ಲನೆ ಎಬ್ಬಿಸಿ ಕಾಯತಕ್ಕದ್ದು.

ಡೆಕ್ಸ್ಟ್ರಿನನ್ನೂ ತಿನ್ನಬಲ್ಲ ಅನ್ಯಜಾತಿಯ ಯೀಸ್ಟು ಕೊಳಕಾದ ಪಾತ್ರೆಯಿಂದ ಸೇರಿಕೊಂಡರೆ ಈ ಮೇರೆಯೂ ಕದಲೀತು. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ 1883ರಲ್ಲಿ ಏಕಜಾತಿಯ ಶುದ್ಧಯೀಸ್ಟನ್ನು ಬೇರ್ಪಡಿಸಿ ಬೆಳೆಯಿಸಿದ್ದರ ಮಹತ್ವವು ಇದರಿಂದ ತಿಳಿಯುತ್ತದೆ. ಆದುದರಿಂದ ಪಾತ್ರೆಯ ಶುದ್ಧಿಯು ಈ ಪರೀಕ್ಷೆಗೆ ಅಂಗವೆಂದೇ ಎಣಿಸತಕ್ಕದ್ದು.

ಒಟ್ಟಿನಲ್ಲಿ ಸದ್ದಡಗುವುದು, ದೀಪವು ಉರಿಯುವುದು, ದಿನಗಳು ತುಂಬುವುದು ಇವು ಮೂರೂ ಪರೀಕ್ಷೆಯ ಕಾಲವು ಬಂದಿತೆಂದು ಸೂಚಿಸುವುವೇ ಹೊರತು ನಿರ್ಣಯವನ್ನು ಕೊಡಲಾರವು. ಮೇರೆಯನ್ನು ಮುಟ್ಟಿ ಸ್ಥಿರವಾದ ಸಾಂದ್ರತೆಯೊಂದೇ ನಿರ್ಣಾಯಕವು. ಸಂದೇಹವಿದ್ದರೆ ಇನ್ನೊಂದು ವಾರ ತಡೆಯುವುದೇ ಲೇಸು. ಮುಚ್ಚಿದ ಪಾತ್ರೆಯಲ್ಲಿ ಅಷ್ಟರಿಂದ ಬಿಯರಿಗೆ ಹಾನಿಯಿಲ್ಲ, ಅವಸರದಿಂದ ಬಿಗಿದ ಸೀಸೆಯ ಅಪಾಯಕ್ಕೆ ಮಾತ್ರ ಆಮೇಲೆ ಪ್ರತೀಕಾರವು ಕಷ್ಟಸಾಧ್ಯವು.